ಅಜ್ಜನ ಕೋವಿ ಯಾರಿಗೆ?

(1/8)
ಫೋಟೋದಲ್ಲಿರೋದು ನಮ್ಮಜ್ಜನ ಕೋವಿ. ಒಂಟಿ ನಳಿಗೆ, 12 ಬೋರು. ನಂಬರ್ ಇರೋ ಜಾಗ ಬ್ಲರ್ ಮಾಡಿದ್ದೀನಿ, ಝೂಮ್ ಮಾಡಿ ಸುಸ್ತಾಗ್ಬೇಡಿ. ಇದನ್ನ ಹಿಡ್ಕೊಂಡು ಒಂದು ಫೋಟೋ ಹಾಕೇ ಅಂತ ಕ್ಲಾಸಲ್ಲಿ ಮೂರು ಜನ ಕೇಳಿದ್ರಿ. ಹಾಕಲ್ಲ. ಕಾರಣ ಆರನೇ ಪೋಸ್ಟಲ್ಲಿದೆ, ಆದ್ರೆ ನೇರ ಅಲ್ಲಿಗೆ ಹಾರಬೇಡಿ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಮಾರನಹಳ್ಳಿ ಅಂದ್ರೆ ಶಿರಾಡಿ ಘಾಟಿ ರಸ್ತೆಯಲ್ಲಿರೋ ಊರು. ಬೆಂಗಳೂರಿಂದ ಮಂಗಳೂರಿಗೆ ರಾತ್ರಿ ಬಸ್ಸಲ್ಲಿ ಹೋಗುವಾಗ ನೀವು ನಿದ್ದೆಯಲ್ಲಿ ದಾಟೋ ಜಾಗ. ಮನೆ ಹಿಂದೆ ಕಾಫಿ, ಮೆಣಸು, ಸ್ವಲ್ಪ ಏಲಕ್ಕಿ. ಅದರ ಹಿಂದೆ ಕಾಡು. ಎಲ್ಲಿ ತೋಟ ಮುಗೀತು, ಎಲ್ಲಿ ಕಾಡು ಶುರುವಾಯ್ತು ಅನ್ನೋದು ನಮ್ಮ ಪಹಣಿಯಲ್ಲಿದೆ. ಆನೆ ಪಹಣಿ ಓದಲ್ಲ.

ಅಜ್ಜನಿಗೆ ಈಗ 78. ಲೈಸೆನ್ಸು ನಮ್ಮಪ್ಪ ಹುಟ್ಟೋಕೂ ಮುಂಚಿಂದ ಅಜ್ಜನ ಹೆಸರಲ್ಲೇ ಇದೆ. ಹೋದ ಯುಗಾದಿ ದಿನ ಊಟಕ್ಕೆ ಕೂತಾಗ ಅಜ್ಜ ಹೋಳಿಗೆ ಮುರೀತಾ ಹೇಳಿಬಿಟ್ರು, "ನನ್ ಕಣ್ಣು ಹೋಗ್ತಾ ಐತೆ. ಕೋವೀನ ಯಾರಾದ್ರೂ ಬರೆಸ್ಕೊಳ್ರಪ್ಪ." 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ ದಾರಿ ಇದೆ. ಲೈಸೆನ್ಸ್ ಇರೋರಿಗೆ 70 ವರ್ಷ ಆಗಿದ್ರೆ, ಇಲ್ಲಾ ಅವರು 25 ವರ್ಷದಿಂದ ಕೋವಿ ಇಟ್ಕೊಂಡಿದ್ರೆ, ಬದುಕಿರುವಾಗಲೇ ಅದು ವಾರಸುದಾರರೊಬ್ಬರ ಹೆಸರಿಗೆ ಹೋಗೋಕೆ ಅರ್ಜಿ ಹಾಕಬಹುದು.

ಅಜ್ಜನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡಪ್ಪ ರಿಟೈರ್ಡ್ ಎ.ಎಸ್.ಐ., ಹಾಸನದಲ್ಲಿದ್ದಾರೆ. ಅಪ್ಪ ತೋಟ ನೋಡ್ಕೊಂಡು ಇಲ್ಲೇ. ಅಜ್ಜ ಇಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿ "ಇವಳೇ ಬರೆಸ್ಕೊಳ್ಳಲಿ" ಅಂದ್ರು. ಎಲ್ಲರೂ ನಕ್ರು. ನಾನೂ ನಕ್ಕೆ. ವೋಟಿಗೆ 18 ಸಾಕು, ಕೋವಿಗೆ 21 ತುಂಬಿರಬೇಕು, ನನಗಿನ್ನೂ ಆಗಿಲ್ಲ.

ನಗು ನಿಂತ ಮೇಲೆ ಜಗಳ ಶುರುವಾಯ್ತು.

(2/8)
ದೊಡ್ಡಪ್ಪನ ವಾದ ಮೊದಲು ಹೇಳ್ತೀನಿ. ಅದು ಹಗುರವಾದ ವಾದ ಅಲ್ಲ.

33 ವರ್ಷ ಇಲಾಖೆಯಲ್ಲಿದ್ದವರು. ಸೇರಿದಾಗ ಕೈಗೆ ಕೊಟ್ಟಿದ್ದು ತ್ರೀ ನಾಟ್ ತ್ರೀ ರೈಫಲ್. "ಸರ್ಕಾರ ನನ್ನ ಕೈಗೆ ಬಂದೂಕು ಕೊಟ್ಟು ಜನರ ಮಧ್ಯೆ ನಿಲ್ಲಿಸ್ತು. 60ನೇ ಹುಟ್ಟುಹಬ್ಬದ ಮಾರನೇ ದಿನಕ್ಕೆ ನಾನು ನಂಬಿಕೆ ಇಲ್ದೋನು ಆಗೋದ್ನಾ?" ಅಂತ ಕೇಳ್ತಾರೆ.

ಅವರಿಗೆ ನಿಜವಾಗಿ ಬೇಕಾಗಿದ್ದು ಈ ಕೋವಿ ಅಲ್ಲ. ಸೊಂಟಕ್ಕೆ ಸಿಗಿಸಿ ಶರ್ಟ್ ಒಳಗೆ ಇಟ್ಕೊಳ್ಳೋ ರಿವಾಲ್ವರ್. ಕಾರಣವನ್ನ ಒಂದೇ ಸಲ ಹೇಳಿದ್ದು, ಅದೂ ದೊಡ್ಡಮ್ಮ ಒಳಗೆ ಹೋದ ಮೇಲೆ. ಇವರು ಹಿಡಿದು ಒಳಗೆ ಹಾಕಿಸಿದ್ದ ಒಬ್ಬ, ಸಂತೆಯಲ್ಲಿ ಟೊಮೇಟೊ ಆರಿಸ್ತಿದ್ದಾಗ ಪಕ್ಕ ಬಂದು ನಿಂತು, "ಚೆನ್ನಾಗಿದ್ದೀರಾ ಸಾರ್? ಈಗ ಒಬ್ರೇ ಓಡಾಡ್ತೀರಾ?" ಅಂದನಂತೆ. ಅಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಕಂಪ್ಲೇಂಟ್ ಬರೆಯೋಕೆ ಹೋದ್ರೆ ಬರೆಯೋಕೇ ಏನೂ ಇಲ್ಲ. "ನಾನು ಯೂನಿಫಾರ್ಮ್ ಬಿಚ್ಚಿಟ್ಟೆ ಕಣವ್ವಾ, ಅವನು ನನ್ನ ಮುಖ ಮರೀಲಿಲ್ಲ."

ಹಾಗಿದ್ರೆ ಲೈಸೆನ್ಸಿಗೆ ಅರ್ಜಿ ಹಾಕಿ ಅಂದ್ರೆ ಮುಖ ಕೆಂಪಾಗುತ್ತೆ. "ಎಷ್ಟು ಜನರ ವೆರಿಫಿಕೇಶನ್ ರಿಪೋರ್ಟ್ ನಾನೇ ಬರ್ದಿದ್ದೀನಿ. ಈಗ ಯಾವನೋ ಹುಡುಗ ನನ್ನ ಮನೆಗೆ ಬಂದು, ಪಕ್ಕದ ಮನೆಯೋರ್ನ ಕೇಳಿ, ಈತನ ನಡತೆ ಒಳ್ಳೇದು ಅಂತ ಬರೀಬೇಕಾ?"

ಅದಕ್ಕೆ ಅಜ್ಜನ ಕೋವಿ ಮೇಲೆ ಕಣ್ಣು. ಮನೆ ಆಸ್ತಿ, ಹಿರೀಮಗ, ಮೇಲಾಗಿ ಪೊಲೀಸು. ಯಾರು ಬೇಡ ಅಂತಾರೆ ಅನ್ನೋ ಲೆಕ್ಕ. ಅಪ್ಪ ಅಂದ್ರು. "ಅಣ್ಣ, ಹಾಸನದಲ್ಲಿ ಯಾವ ಆನೆ ಓಡಿಸ್ತೀಯ?"

(3/8)
ಬಿಸಿನೆಸ್ ಲಾ ಇಂಟರ್ನಲ್ಸ್‌ಗೆ ಇಷ್ಟು ಓದಿದ್ರೆ ಚೆನ್ನಾಗಿ ಮಾರ್ಕ್ಸ್ ಬರ್ತಿತ್ತು. ಎರಡು ರಾತ್ರಿ ಕೂತು 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮ ಎರಡನ್ನೂ ಓದಿದೆ. ನಿಮಗೆ ಸಾರ ಮಾತ್ರ.

ನಮ್ಮ ದೇಶದಲ್ಲಿ ನಿವೃತ್ತ ಪೊಲೀಸರಿಗೆ ತಾನಾಗೇ ಬರೋ ಹಕ್ಕು ಅಂತ ಏನಿಲ್ಲ. ಸರ್ವೀಸಲ್ಲಿದ್ದಾಗ ಹಿಡಿಯೋ ಆಯುಧ ಸರ್ಕಾರದ್ದು, ಡ್ಯೂಟಿಗೋಸ್ಕರ. ರಿಟೈರ್ ಆದ್ಮೇಲೆ ಎಲ್ಲರ ಹಾಗೇ ಡಿಸಿ ಹತ್ರ ಅರ್ಜಿ, ಪೊಲೀಸ್ ರಿಪೋರ್ಟು. (ಬೆಂಗಳೂರಂಥ ಕಡೆ ಡಿಸಿ ಬದಲು ಕಮಿಷನರ್.) ಆದ್ರೆ ನಿಯಮದಲ್ಲಿ ಒಂದು ಸಣ್ಣ ಜಾಗ ಇದೆ. ಯಾರ್ಯಾರ ಅರ್ಜಿಯನ್ನ ಪರಿಗಣಿಸಬಹುದು ಅಂತ ಹೇಳುವಾಗ ಸೇನೆ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆ, ರಾಜ್ಯ ಪೊಲೀಸಲ್ಲಿ ಇರೋರು ಮತ್ತು ಇದ್ದೋರನ್ನ ಬೇರೆಯಾಗಿ ಹೆಸರಿಸಿದ್ದಾರೆ. ಅದನ್ನ ಓದಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಖುಷಿಯಾದ್ರು. ಮುಂದಿನ ಪದಗಳನ್ನೂ ಓದಿದೆ: ಪ್ರಾಣ ಅಥವಾ ಆಸ್ತಿ ಉಳಿಸ್ಕೊಳ್ಳೋ ನಿಜವಾದ ಅಗತ್ಯ ಇರಬೇಕು. ಆ ಕಡೆಯಿಂದ ಸದ್ದಿಲ್ಲ.

ಅಂದ್ರೆ ಬಾಗಿಲಲ್ಲಿ ಹೆಸರು ಹಿಡಿದು ಕರೀತಾರೆ, ಒಳಗೆ ಕೇಳೋ ಪ್ರಶ್ನೆ ಎಲ್ಲರಿಗೂ ಕೇಳೋದೇ.

ಅಪ್ಪನಂಥೋರಿಗೆ ಇನ್ನೊಂದು ಬಾಗಿಲಿದೆ. ಬೆಳೆ ರಕ್ಷಣೆಗೆ ಅಂತ ಪ್ರಾಮಾಣಿಕವಾಗಿ ಕೇಳಿದ್ರೆ, ನಳಿಗೆ ಬಾಯಿಂದ ಮದ್ದು ತುಂಬೋ ಕೋವಿಗೆ, ಅದು ಸಾಲದು ಅನ್ನೋ ಪರಿಸ್ಥಿತಿ ಇದ್ರೆ ತೋಟಾ ಹಾಕೋ ಕೋವಿಗೂ ಲೈಸೆನ್ಸ್ ಕೊಡೋಕೆ ಕಾಯ್ದೆಯೇ ಹೇಳುತ್ತೆ. ಇನ್ನೊಂದು ಸಾಲು ಓದಿ ನನಗೆ ಆಶ್ಚರ್ಯವಾಯ್ತು. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸಬಾರದಂತೆ. ಕಾಗದದ ಮೇಲಂತೂ ಹಂಗಿದೆ. ನಮ್ಮ ಸುತ್ತಮುತ್ತ ಕೋವಿ ಇರೋ ಮನೆಗಳನ್ನ ಮನಸ್ಸಲ್ಲೇ ಎಣಿಸಿದೆ. ತೋಟ ಇಲ್ಲದ ಮನೆ ಒಂದೂ ನೆನಪಿಗೆ ಬರಲಿಲ್ಲ.

ರಿವಾಲ್ವರ್ ಬಚ್ಚಿಟ್ಕೊಂಡು ಓಡಾಡೋದು ಏನೋ ಗುಟ್ಟಿನ ವಿಷಯ ಅಂತ ಸಿನಿಮಾ ನೋಡಿ ಅಂದ್ಕೊಂಡಿದ್ದೆ. ನಮ್ಮಲ್ಲಿ ಉಲ್ಟಾ. ಲೈಸೆನ್ಸ್ ಇರೋ ಆಯುಧವನ್ನ ಸಾರ್ವಜನಿಕ ಜಾಗದಲ್ಲಿ ಒಯ್ಯುವಾಗ ಹೋಲ್‌ಸ್ಟರಲ್ಲೋ ಚೀಲದಲ್ಲೋ ಮುಚ್ಚಿಕೊಂಡೇ ಒಯ್ಯಬೇಕು, ಝಳಪಿಸೋ ಹಾಗಿಲ್ಲ. ಮದುವೆ ಮೆರವಣಿಗೆಯಲ್ಲಿ ಯಾರದೋ ಪ್ರಾಣಕ್ಕೆ ಅಪಾಯ ಆಗೋ ಹಾಗೆ ಗಾಳಿಗೆ ಗುಂಡು ಹಾರಿಸಿದ್ರೆ 2019ರ ತಿದ್ದುಪಡಿ ಆದ್ಮೇಲೆ ಎರಡು ವರ್ಷದವರೆಗೆ ಜೈಲಾಗಬಹುದು. ರೀಲ್ಸ್ ಮಾಡೋ ಕೆಲವರು ಈ ಸಾಲನ್ನ ಸೇವ್ ಮಾಡಿಟ್ಕೊಳ್ಳಿ.

(4/8)
ದೊಡ್ಡಪ್ಪನ ತಲೆಗೆ ಈ ಹುಳ ಬಿಟ್ಟಿದ್ದು ಅವರ ಮಗ, ಅಮೆರಿಕದಲ್ಲಿರೋ ನಮ್ಮಣ್ಣ. "ಅಪ್ಪಾ, ನೀವು ಇಲ್ಲಿ ಪೊಲೀಸಾಗಿದ್ದಿದ್ರೆ ರಿಟೈರ್ ಆದ್ಮೇಲೂ ಪಿಸ್ತೂಲು ಇಟ್ಕೊಂಡು ಯಾವ ರಾಜ್ಯಕ್ಕೆ ಬೇಕಾದ್ರೂ ಹೋಗಬಹುದಿತ್ತು" ಅಂದನಂತೆ.

ಹುಡುಕಿದೆ. ಹೆಚ್ಚುಕಮ್ಮಿ ನಿಜ. 2004ರಲ್ಲಿ ಜಾರ್ಜ್ ಬುಷ್ ಅಧ್ಯಕ್ಷರಾಗಿದ್ದಾಗ ಬಂದ ಕಾನೂನು. ಸರ್ವೀಸಲ್ಲಿರೋ ಪೊಲೀಸರು, ಒಳ್ಳೆ ಹೆಸರಲ್ಲಿ ನಿವೃತ್ತರಾದ ಪೊಲೀಸರು, ತಮ್ಮ ರಾಜ್ಯ ಬಿಟ್ಟು ಬೇರೆ ರಾಜ್ಯದಲ್ಲೂ ಮರೆಮಾಡಿದ ಆಯುಧ ಇಟ್ಕೊಂಡು ಓಡಾಡಬಹುದು. ಮೊದಲು 15 ವರ್ಷ ಸೇವೆ ಬೇಕಿತ್ತು, 2010ರಲ್ಲಿ ಅದನ್ನ 10ಕ್ಕೆ ಇಳಿಸಿದ್ರು. ಅದೇ ಹೊತ್ತಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸಾಮಾನ್ಯ ಮನುಷ್ಯನೊಬ್ಬ ಪಿಸ್ತೂಲು ಒಯ್ಯೋಕೆ ಅನುಮತಿ ಕೇಳಿದ್ರೆ, ಬೇರೆಯೋರಿಗಿಂತ ನಿನಗೆ ವಿಶೇಷ ಕಾರಣ ಏನಿದೆ ತೋರಿಸು ಅಂತಿದ್ರು. ನಮ್ಮ "ನಿಜವಾದ ಅಗತ್ಯ"ದ ಅಣ್ಣನೇ ಅದು. 2022ರ ಜೂನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನ ತೆಗೆದುಹಾಕ್ತು. ಅವರ ಸಂವಿಧಾನದಲ್ಲಿ ಆಯುಧ ಇಟ್ಕೊಳ್ಳೋದು ಹಕ್ಕು. ನಮ್ಮಲ್ಲಿ ಅಲ್ಲ. ಹಾಗಾಗಿ ಅಲ್ಲಿ ಆದಂಗೆ ಇಲ್ಲೂ ಆಗಬೇಕು ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ.

ಆದ್ರೆ ಆ 2004ರ ಕಾನೂನಲ್ಲಿ ಒಂದು ಷರತ್ತಿದೆ, ಅಣ್ಣ ಅದನ್ನ ಹೇಳೇ ಇರಲಿಲ್ಲ. ಐಡಿ ಕಾರ್ಡ್ ಒಂದೇ ಸಾಲದು. ನಿವೃತ್ತ ಪೊಲೀಸು ವರ್ಷಕ್ಕೊಂದು ಸಲ, ತನ್ನದೇ ಖರ್ಚಲ್ಲಿ, ಗುಂಡು ಹಾರಿಸಿ ಪಾಸಾಗಬೇಕು. ಆಗಲಿಲ್ಲ ಅಂದ್ರೆ ಆ ವರ್ಷ ಸವಲತ್ತು ಇಲ್ಲ.

ಇದನ್ನ ಓದಿ ಹೇಳಿದ್ದಕ್ಕೆ ದೊಡ್ಡಪ್ಪ, "ಪರೀಕ್ಷೆನಾ? ಈ ವಯಸ್ಸಲ್ಲಾ?" ಅಂತ ನಕ್ಕು ಮಾತು ಬದಲಿಸಿದ್ರು.

(5/8)
ಇದು ಕೊಡಗಿನ ಕಡೆಯಿಂದ ಬಂದು ಇಲ್ಲಿ ಓದ್ತಿರೋ ಫ್ರೆಂಡ್ಸ್‌ಗೆ. ಬೇಜಾರಾಗ್ಬೇಡಿ, ಹೊಟ್ಟೆಕಿಚ್ಚಿಂದ ಬರೀತಿಲ್ಲ. ಸರಿ, ಸ್ವಲ್ಪ ಇದೆ.

ಯುಗಾದಿ ಜಗಳದಲ್ಲಿ ಅಜ್ಜ ಅಂದಿದ್ದು, "ಆ ಕಡೆ ಕೊಡ್ಲಿಪೇಟೆ ದಾಟಿ ಹುಟ್ಟಿದ್ರೆ ಇಷ್ಟೆಲ್ಲ ತಾಪತ್ರಯನೇ ಇರ್ತಿರ್ಲಿಲ್ಲ." ಅಜ್ಜನ ಮಾತು ಅರ್ಧ ಮಾತ್ರ ಸರಿ. ಅಲ್ಲಿ ಹುಟ್ಟಿದ್ರೆ ಸಾಲದು, ಕೊಡವರಾಗಿರಬೇಕು ಇಲ್ಲಾ ಜಮ್ಮಾ ಭೂಮಿ ಹಿಡುವಳಿದಾರರಾಗಿರಬೇಕು. ಅವರಿಗೆ ಕೋವಿ ಇಟ್ಕೊಳ್ಳೋಕೆ ಲೈಸೆನ್ಸಿಂದ ವಿನಾಯಿತಿ. ಬ್ರಿಟಿಷರು 1861ರಲ್ಲಿ ಕೊಟ್ಟಿದ್ದು. ಸ್ವಾತಂತ್ರ್ಯ ಬಂದ ಮೇಲೂ ಮುಂದುವರೀತು, 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷ, ಅಂದ್ರೆ 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ದಿನ ತೋಕ್‌ಗೆ ಹೂವಿಟ್ಟು ಪೂಜೆ ಮಾಡ್ತಾರೆ. ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ಕೋವಿ ಅಲ್ಲಿ ಮನೆ ಮನುಷ್ಯರ ಲೆಕ್ಕ.

ಈ ವಿನಾಯಿತಿಯನ್ನ ಹೈಕೋರ್ಟಲ್ಲಿ ಪ್ರಶ್ನೆ ಮಾಡಿದ್ದು ಯಾರು ಗೊತ್ತಾ? ಸೇನೆಯಿಂದ ನಿವೃತ್ತರಾದ ಒಬ್ಬ ಕ್ಯಾಪ್ಟನ್. ಜಾತಿ ನೋಡಿ, ಭೂಮಿ ನೋಡಿ ಹೀಗೆ ಭೇದ ಮಾಡೋದು ಸರಿಯಾ ಅನ್ನೋದು ಅವರ ಪ್ರಶ್ನೆ. 2021ರ ಸೆಪ್ಟೆಂಬರಲ್ಲಿ ಕರ್ನಾಟಕ ಹೈಕೋರ್ಟ್ ಅರ್ಜಿ ವಜಾ ಮಾಡ್ತು. ಕೊಡವರು ಯೋಧ ಪರಂಪರೆಯವರು, ಈ ವಿನಾಯಿತಿ ಸ್ವಾತಂತ್ರ್ಯಕ್ಕೂ ಮುಂಚಿಂದ ಇದೆ, ಅದೂ ಅನಿಯಮಿತ ಅಲ್ಲ, ಒಂದು ಅವಧಿಗೆ, ಷರತ್ತುಗಳೊಂದಿಗೆ ಅಂತ.

ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಆದ್ರೆ ಮ್ಯಾಪ್ ನೋಡಿ. ಯಸಳೂರು ಕಡೆಯಿಂದ ಆಚೆ ಕಾಲಿಟ್ರೆ ಕೊಡಗು. ಅದೇ ಕಾಫಿ, ಅದೇ ಮಳೆ, ಬೆಳಿಗ್ಗೆ ಅಲ್ಲಿದ್ದ ಆನೆ ಸಂಜೆ ಇಲ್ಲಿ. ಆ ಕಡೆ ಒಬ್ಬರಿಗೆ ಹುಟ್ಟಿನಿಂದ ನಂಬಿಕೆ, ದೊಡ್ಡಪ್ಪ ಕೇಳ್ತಿರೋದು ಯೂನಿಫಾರ್ಮಿಂದ ಬಂದ ನಂಬಿಕೆ, ಅಪ್ಪನಿಗೆ ಎರಡೂ ಇಲ್ಲ. ಎಲೆಕ್ಷನ್ ಬಂದ್ರೆ ಅಜ್ಜ ಆ ಕೋವೀನ ಗೋಣಿಚೀಲದಲ್ಲಿ ಸುತ್ಕೊಂಡು ಸ್ಟೇಷನ್ನಿಗೆ ಒಪ್ಪಿಸಿ, ರಿಸಲ್ಟ್ ಬಂದ ಮೇಲೆ ವಾಪಸ್ ತರ್ತಾರೆ. 2023ರಲ್ಲೂ ಹಂಗೇ, 2024ರಲ್ಲೂ ಹಂಗೇ. ಆನೆಗೆ ನೀತಿಸಂಹಿತೆ ಇಲ್ಲ.

(6/8)
ಈಗ ಆ ರಾತ್ರಿ.

ಡಿಸೆಂಬರ್. ಷಷ್ಠಿಗೆ ಸುಬ್ರಹ್ಮಣ್ಯಕ್ಕೆ ಹೋಗಿಬಂದು ದೊಡ್ಡಪ್ಪ ದೊಡ್ಡಮ್ಮ ನಮ್ಮನೇಲೇ ಉಳ್ಕೊಂಡಿದ್ರು. ಕಣದಲ್ಲಿ ಕಾಫಿ ಹರವಿತ್ತು. ಸಂಜೆ ಮೊಬೈಲಿಗೆ ಮೆಸೇಜ್ ಬಂದಿತ್ತು, ಹತ್ತಿರದಲ್ಲೇ ಆನೆ ಇದೆ, ಹುಷಾರು ಅಂತ. ಕರೆಂಟಿಲ್ಲ.

ಎರಡೂವರೆ ಹೊತ್ತಿಗೆ ನಾಯಿ ಬೊಗಳೋಕೆ ಶುರು. ಕಣದ ಕಡೆಯಿಂದ ಏನೋ ಸದ್ದು. ಅಪ್ಪ ಆನೆ ಅಂದ್ಕೊಂಡ್ರು. ಅಜ್ಜ ಕಾಫಿ ಕಳ್ಳ ಅಂದ್ಕೊಂಡ್ರು. ನಾನು ಬ್ಯಾಟರಿ ಹಿಡ್ಕೊಂಡು ಜಗಲಿಗೆ ಬರೋಷ್ಟರಲ್ಲಿ ಅಜ್ಜ ಕೋವಿ ಎತ್ಕೊಂಡು ನಿಂತಿದ್ರು. ತೋಟಾ ಒಳಗಿತ್ತು. ಅಪ್ಪ ಹಿಂದಿಂದ "ಮೇಲಕ್ಕೊಂದು ಈಡು ಹೊಡೀರಿ ಅಪ್ಪಾ, ಹೊಡೀರಿ!" ಅಂತ ಕಿರುಚ್ತಿದ್ರು. ನಳಿಗೆ ಮೇಲಕ್ಕಿರಲಿಲ್ಲ. ಸದ್ದು ಬಂದ ಕಡೆಗೇ ಇತ್ತು. ಅಜ್ಜನ ಕೈ ನಡುಗ್ತಿತ್ತು, ನನ್ನ ಬ್ಯಾಟರಿ ಬೆಳಕೂ ನಡುಗ್ತಿತ್ತು.

ದೊಡ್ಡಪ್ಪ ಲುಂಗಿ ಬನಿಯನ್ನಲ್ಲಿ ಬಂದ್ರು. ಓಡಲಿಲ್ಲ. ಪಕ್ಕಕ್ಕೆ ಬಂದು ಅಂಗೈಯಿಂದ ನಳಿಗೆಯನ್ನ ನೆಲದ ಕಡೆ ಒತ್ತಿದ್ರು. ಕೋವಿ ಇಸ್ಕೊಂಡು, ಬಾಗಿಸಿ ತೆಗೆದು, ತೋಟಾ ಹೊರಗೆ ತಗೊಂಡು ಮುಷ್ಟಿಯಲ್ಲಿ ಹಿಡ್ಕೊಂಡ್ರು. ಆಮೇಲೆ ಸ್ಟೇಷನ್ ದನಿಯಲ್ಲಿ, "ಯಾರೋ ಅದು? ಬೆಳಕಿಗೆ ಬಾ!"

ಉತ್ತರ ಬರಲಿಲ್ಲ. ಇನ್ನೊಂದು ಸಲ ಕೇಳಿದ್ರು. "ಬಾಬು... ಬಾಬು..." ಅಂತ ಒಂದು ದನಿ. ಪಕ್ಕದ ಎಸ್ಟೇಟಿನ ಲೈನ್ ಮನೆಯ ಹುಡುಗ. ಅಸ್ಸಾಮಿಂದ ಕೆಲಸಕ್ಕೆ ಬಂದೋನು. ಕನ್ನಡ ಬರಲ್ಲ. ಯಾರೋ ಅಂತ ಕೇಳಿದ್ರೆ ಏನು ಹೇಳಬೇಕು ಅಂತ ಗೊತ್ತಿಲ್ಲ. ಆನೆಗೆ ಕಾಣಬಾರದು ಅಂತ ಮೊಬೈಲ್ ಲೈಟೂ ಹಾಕಿರಲಿಲ್ಲ. ಹೆಗಲ ಮೇಲೆ ಮಗು, ಜ್ವರ ಏರಿ ಫಿಟ್ಸ್ ಬಂದಿತ್ತು. ಗಾಡಿ ಕೇಳೋಕೆ ಬಂದಿದ್ದ.

ಅಪ್ಪ ಓಮ್ನಿ ತೆಗೆದು ಸಕಲೇಶಪುರಕ್ಕೆ ಕರ್ಕೊಂಡು ಹೋದ್ರು. ಮಗು ಈಗ ಚೆನ್ನಾಗಿದೆ, ಬಸ್ಸಿಗೆ ಕಾಯುವಾಗ ನನಗೆ ಟಾಟಾ ಮಾಡುತ್ತೆ. ಪ್ರತಿಸಲ ಟಾಟಾ ಮಾಡಿದಾಗಲೂ ನನಗೆ ನಳಿಗೆ ಇದ್ದ ದಿಕ್ಕೇ ನೆನಪಾಗೋದು.

(7/8)
ನಾನು ಎಷ್ಟೋ ದಿನ ತಲೆ ಕೆಡಿಸ್ಕೊಂಡಿದ್ದು ಇದಕ್ಕೆ. ಆ ಜಗಲಿಯಲ್ಲಿ ಕಾನೂನು ಪ್ರಕಾರ ಸರಿಯಾಗಿದ್ದವರು ಅಜ್ಜ ಒಬ್ರೇ. ಲೈಸೆನ್ಸಿದೆ, ಕೋವಿ ಅವರದು, ಮನೆ ಅವರದು. ಅತಿ ಅಪಾಯ ಇದ್ದಿದ್ದೂ ಅವರ ಕೈಯಲ್ಲೇ. ಅಜ್ಜ ಗುರಿ ಇಡೋದನ್ನ, ಅಜ್ಜನ ಕಣ್ಣನ್ನ, ಯಾರಾದ್ರೂ ಪರೀಕ್ಷೆ ಮಾಡಿ ಎಷ್ಟು ವರ್ಷ ಆಯ್ತೋ ಅವರಿಗೇ ನೆನಪಿಲ್ಲ. 2016ರ ನಿಯಮ ಬಂದ ಮೇಲೆ ಹೊಸದಾಗಿ ಅರ್ಜಿ ಹಾಕೋರಿಗೆ ತರಬೇತಿ ಸರ್ಟಿಫಿಕೇಟು, ಡಾಕ್ಟರ್ ಸರ್ಟಿಫಿಕೇಟು ಎಲ್ಲ ಬೇಕು. ಅಜ್ಜನದು ಹಳೇ ಕಾಲದ ಲೈಸೆನ್ಸು.

ಹಾಗಾದ್ರೆ ದೊಡ್ಡಪ್ಪನ ವಾದವೇ ಗೆದ್ದಂಗಾಯ್ತಲ್ಲ? ಅವರೂ ಹಂಗೇ ಅಂದ್ಕೊಂಡಿದ್ರು. ಮಾರನೇ ಬೆಳಿಗ್ಗೆ ಕಾಫಿ ಕುಡೀತಾ ಕೇಳಿದೆ, "ದೊಡ್ಡಪ್ಪ, ಆನೆ ಅಲ್ಲ, ಕಳ್ಳ ಅಲ್ಲ ಅಂತ ಹೆಂಗೆ ಗೊತ್ತಾಯ್ತು?" "ಗೊತ್ತಾಗಿರಲಿಲ್ಲ ಕಣವ್ವಾ. ಗೊತ್ತಿಲ್ಲ ಅನ್ನೋದು ಗೊತ್ತಿತ್ತು, ಅದಕ್ಕೇ ತೋಟಾ ತೆಗೆದೆ." ಕೊನೇ ಸಲ ಗುಂಡು ಹಾರಿಸಿದ್ದು ಯಾವಾಗ ಅಂದೆ. ಲೆಕ್ಕ ಹಾಕಿದ್ರು. ರಿಟೈರ್ ಆಗೋಕೆ ಮೂರು ವರ್ಷ ಮುಂಚೆ, ವಾರ್ಷಿಕ ಫೈರಿಂಗ್‌ನಲ್ಲಿ. ಈಗ ಅವರ ಬಲಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮುಂದೂಡ್ತಾ ಇದ್ದಾರೆ. "ನಿಮ್ಮ ಬ್ಯಾಚಿನೋರೆಲ್ಲ ನಿಮ್ಮ ಹಂಗೇನಾ?" ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಲೋಟ ತಿರುಗಿಸ್ತಾ ಕೂತು, "ಇಲ್ಲ" ಅಂದ್ರು.

ನನಗನ್ಸೋದು ಇಷ್ಟೇ. ಇಲಾಖೆ ಕಲಿಸಿದ್ದು ದೊಡ್ಡಪ್ಪನ ಕೈಯಲ್ಲಿ ಉಳಿದಿತ್ತು, ಅದಕ್ಕೆ ಒಂದು ಜೀವ ಉಳೀತು. ಆದ್ರೆ ಅದು ಇನ್ನೂ ಉಳಿದಿದೆಯಾ ಅಂತ ಪೆನ್ಷನ್ ಪುಸ್ತಕ ನೋಡಿ ಹೇಳೋಕಾಗಲ್ಲ. ಮನೆತನ ನೋಡಿ, ಪಹಣಿ ನೋಡಿಯೂ ಹೇಳೋಕಾಗಲ್ಲ. ವರ್ಷಕ್ಕೊಂದು ಸಲ ಗುರಿ, ಕಣ್ಣು, ಮುಖ್ಯವಾಗಿ ತೋಟಾ ತೆಗೆಯೋ ಅಭ್ಯಾಸ ಪರೀಕ್ಷೆ ಮಾಡಲಿ. ದೊಡ್ಡಪ್ಪನಿಗೂ, ಅಪ್ಪನಿಗೂ, ಕೊಡಗಿನ ಫ್ರೆಂಡಿನ ಮನೆಗೂ. ಅಮೆರಿಕದ ಕಾನೂನಿಂದ ತರೋದಿದ್ರೆ ಆ ಒಂದು ಷರತ್ತನ್ನ ತರಲಿ, ಸವಲತ್ತು ಅಲ್ಲೇ ಇರಲಿ. ಸಂತೆಯಲ್ಲಿ ಎದುರಾದ ಮನುಷ್ಯನ ಭಯ ನಿಜ. ಅದನ್ನ ಬರೆದು ಅರ್ಜಿ ಹಾಕಲಿ, ಆ "ಯಾವನೋ ಹುಡುಗ" ಬಂದು ವಿಚಾರಿಸಲಿ. ದೊಡ್ಡಪ್ಪನೂ ಒಂದು ಕಾಲದಲ್ಲಿ ಇನ್ನೊಬ್ಬರ ಮನೆಬಾಗಿಲಲ್ಲಿ ನಿಂತ ಹುಡುಗನೇ.

ಆನೆ ವಿಷಯಕ್ಕೆ ಬಂದ್ರೆ, ಕೋವಿ ನಮಗೆ ಬರೀ ಸದ್ದಿಗೆ. ಆನೆ ಕೊಂದ್ರೆ ವನ್ಯಜೀವಿ ಕಾಯ್ದೆಯಲ್ಲಿ 3ರಿಂದ 7 ವರ್ಷ ಜೈಲು. ಸದ್ದಿಗೂ ಅವು ಈಗ ಕ್ಯಾರೆ ಅನ್ನಲ್ಲ. 2023ರ ಆಗಸ್ಟ್ 31ರಂದು ಇಲ್ಲೇ ಆಲೂರು ತಾಲೂಕಲ್ಲಿ, ಭೀಮ ಅನ್ನೋ ಆನೆಗೆ ಅರಿವಳಿಕೆ ಹೊಡೆಯೋಕೆ ಹೋಗಿದ್ದ 'ಆನೆ ವೆಂಕಟೇಶ್' ಅದೇ ಆನೆಯಿಂದ ತೀರಿಕೊಂಡ್ರು. ಎಷ್ಟೋ ಕಾರ್ಯಾಚರಣೆ ಮಾಡಿದ್ದ ಕೈ ಅದು. ಅಸ್ಸಾಮಿನ ಹುಡುಗ ಬೆಳಿಗ್ಗೆ ಆರಕ್ಕೆ ಬರೀ ಕತ್ತಿ ಹಿಡ್ಕೊಂಡು ತೋಟಕ್ಕೆ ಹೋಗ್ತಾನೆ. ಕೋವಿ ಯಾರಿಗೆ ಅನ್ನೋ ನಮ್ಮನೆ ಜಗಳದಲ್ಲಿ ಅವನ ಹೆಸರು ಯಾರ ಬಾಯಲ್ಲೂ ಬಂದಿಲ್ಲ. ನನ್ನ ಬಾಯಲ್ಲೂ.

(8/8)
ಈಗಿನ ಸ್ಥಿತಿ. ಕೋವಿ ಅಪ್ಪನ ಹೆಸರಿಗೆ ಅಂತ ಅಜ್ಜ ತೀರ್ಮಾನ ಮಾಡಿದ್ದಾರೆ. ಅದಕ್ಕೆ ದೊಡ್ಡಪ್ಪನ ಆಕ್ಷೇಪಣೆ ಇಲ್ಲ ಅನ್ನೋ ಪತ್ರ ಬೇಕು. ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿ, ದೇವರ ಕೋಣೆಯಲ್ಲಿ ಕುಂಕುಮದ ಡಬ್ಬಿ ಕೆಳಗೆ ಇಟ್ಟಿದ್ದಾರೆ ಅಪ್ಪ.

ದೊಡ್ಡಪ್ಪ ಸೈನ್ ಹಾಕ್ತೀನಿ ಅಂದ್ರು, ಎರಡು ಷರತ್ತು ಇಟ್ಟು. ಒಂದು, ಜಿಲ್ಲಾ ಪೊಲೀಸರು ನಡೆಸೋ ನಾಗರಿಕ ಬಂದೂಕು ತರಬೇತಿಗೆ ಅಪ್ಪ ಹೋಗಿ ಬರಬೇಕು. ಎರಡನೇದು ಅವರದೇ ಸಿಲಬಸ್ಸು. ತಿಂಗಳಿಗೆ ಎರಡು ಭಾನುವಾರ ಹಾಸನದಿಂದ ಬರ್ತಾರೆ. ಅಜ್ಜ ಕುರ್ಚಿ ಹಾಕ್ಕೊಂಡು ಎದುರಿಗೆ ಕೂರ್ತಾರೆ, ಲೈಸೆನ್ಸ್ ಅವರದಲ್ವಾ. ಅಪ್ಪನ ಕಣ್ಣಿಗೆ ದೊಡ್ಡಮ್ಮನ ಹಳೇ ವೇಲ್ ಕಟ್ತಾರೆ. ಖಾಲಿ ಕೋವಿ, ಒಳಗೆ ಉಪಯೋಗಿಸಿ ಬಿಟ್ಟ ತೋಟಾದ ಬರೀ ಕೋಶ. ನಾನು ಒಂದು ಕಡೆಯಿಂದ ತಟ್ಟೆ ಬಡಿದು ಸದ್ದು ಮಾಡಬೇಕು, ಅಪ್ಪ ನಳಿಗೆ ನೆಲಕ್ಕೆ ಮಾಡಿ, ಬಾಗಿಸಿ, ಕೋಶ ತೆಗೆದು, ಬೆರಳು ಹಾಕಿ ಖಾಲಿ ಇದೆ ಅಂತ ನೋಡಿ, ಆಮೇಲೆ "ಯಾರದು?" ಅನ್ನಬೇಕು.

ಮೊನ್ನೆ ಭಾನುವಾರ ಹತ್ತು ಸಲದಲ್ಲಿ ಮೂರು ಸಲ ಅಪ್ಪ ಮೊದಲು "ಯಾರದು?" ಅಂದ್ರು. ಒಂದು ಸಲ ನಳಿಗೆ ಅಜ್ಜನ ಕಡೆ ತಿರುಗಿತು. ಅಜ್ಜ ಕುರ್ಚಿ ಎತ್ಕೊಂಡು ಒಳಗೆ ಹೋದ್ರು.

ಆಮೇಲೆ ದೊಡ್ಡಪ್ಪ ತಾವೇ ಕಣ್ಣಿಗೆ ಕಟ್ಕೊಂಡ್ರು. ನಾನು ತಟ್ಟೆ ಬಡಿದೆ. ಅವರೂ ಒಂದು ಸಲ ಬೆರಳು ಹಾಕಿ ನೋಡೋದನ್ನ ಮರೆತ್ರು. ವೇಲ್ ಬಿಚ್ಚಿ ಸುಮ್ನೆ ನಿಂತ್ರು. ಅಪ್ಪ ಏನೂ ಅನ್ನಲಿಲ್ಲ.

ಪತ್ರಕ್ಕೆ ಇನ್ನೂ ಸೈನ್ ಆಗಿಲ್ಲ. ಕಣ್ಣಿನ ಆಪರೇಷನ್‌ಗೆ ಡೇಟ್ ತಗೊಂಡಿದ್ದಾರಂತೆ, ನಿನ್ನೆ ದೊಡ್ಡಮ್ಮ ಫೋನಲ್ಲಿ ಹೇಳಿದ್ರು.